ಗೀರೂ ಬೀಳದ ಕಾರಿಗೆ ಪ್ರೀಮಿಯಂ ಏಕೆ ಏರಿತು?

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಬೆಳೆಗಾರರು, ಶಿಕ್ಷಕರು, ಬಾಡಿಗೆ ವಾಹನ ಓಡಿಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಎರಡು ಹಾಳೆಗಳಿವೆ. ಪೊನ್ನಂಪೇಟೆ ಕಡೆಯ ನಿವೃತ್ತ ಟೀಚರೊಬ್ಬರು ಕೊಟ್ಟದ್ದು. ಒಂದು ಹೋದ ವರ್ಷದ ಪಾಲಿಸಿ, ಇನ್ನೊಂದು ಈ ವರ್ಷ ಬಂದ ರಿನ್ಯೂವಲ್ ನೋಟಿಸು. ಕೊಡುವಾಗ ಅವರು ಹೇಳಿದ್ದು ಇಷ್ಟೇ: "ಕಾರು ತಗೊಂಡು ಐದು ವರ್ಷ ದಾಟಿತು. ಒಂದು ಗೀರು ಬಿದ್ದಿಲ್ಲ, ಒಂದು ಕ್ಲೇಮ್ ಮಾಡಿಲ್ಲ. ನಲವತ್ತರ ಮೇಲೆ ಓಡಿಸಿದವಳೇ ಅಲ್ಲ. ಮತ್ತೆ ಸಾವಿರದ ಆರುನೂರು ರೂಪಾಯಿ ಯಾಕೆ ಜಾಸ್ತಿ, ನೀವೇ ಹೇಳಿ ಸಾರ್."

ಅವರ ದನಿಯಲ್ಲಿದ್ದದ್ದು ದುಡ್ಡಿನ ಚಿಂತೆಯಲ್ಲ. ಇಷ್ಟು ವರ್ಷ ಹುಷಾರಾಗಿದ್ದದ್ದು ಯಾರ ಲೆಕ್ಕಕ್ಕೂ ಬರಲಿಲ್ಲವಲ್ಲ ಎಂಬ ನೋವು. ಆ ನೋವು ನನಗೆ ಹೊಸದಲ್ಲ. ಇಪ್ಪತ್ತಾರು ವರ್ಷ ನಾನು ವಾಹನ ವಿಮೆಯ ಸರ್ವೇಯರ್ ಆಗಿದ್ದೆ. ಪೆಟ್ಟಾದ ಗಾಡಿ ನೋಡಿ, ಯಾವ ಭಾಗ ಬದಲಾಯಿಸಬೇಕು, ಯಾವುದನ್ನು ಟಿಂಕರಿಂಗ್ ಮಾಡಿದರೆ ಸಾಕು, ಕಂಪನಿ ಎಷ್ಟು ಕೊಡಬೇಕು ಎಂದು ವರದಿ ಬರೆಯುವ ಕೆಲಸ. ಸಂಪಾಜೆ ಘಾಟಿಯಿಂದ ಮಾಕುಟ್ಟದವರೆಗೆ ನಾನು ಬಗ್ಗಿ ನೋಡದ ಚರಂಡಿ ಕಡಿಮೆ. ಅಷ್ಟೂ ವರ್ಷ ಜನ ಕೇಳಿದ್ದು ಇದೇ ಪ್ರಶ್ನೆ. ಆಗ ಗ್ಯಾರೇಜಿನ ಮುಂದೆ ನಿಂತು ಪೂರ್ತಿ ಉತ್ತರ ಹೇಳಲು ಪುರುಸೊತ್ತಿರುತ್ತಿರಲಿಲ್ಲ. ಇವತ್ತು ಇದೆ.

ಟೀಚರ ಎರಡು ಹಾಳೆಗಳನ್ನು ಸಾಲು ಸಾಲಾಗಿ ಓದೋಣ. ಅವರ ಒಪ್ಪಿಗೆ ಪಡೆದಿದ್ದೇನೆ, ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ದುಂಡಗೆ ಮಾಡಿಕೊಂಡಿದ್ದೇನೆ. ಪೆಟ್ರೋಲ್ ಕಾರು, 1200 ಸಿಸಿ. ಬಿಲ್ಲಿನಲ್ಲಿ ಮುಖ್ಯವಾಗಿ ಮೂರು ಸಾಲು: ನಮ್ಮ ಕಾರಿಗೆ ಆಗುವ ನಷ್ಟದ್ದು, ಅಂದರೆ ಓನ್ ಡ್ಯಾಮೇಜ್, ಬೇರೆಯವರಿಗೆ ನಮ್ಮಿಂದ ಆಗುವ ನಷ್ಟದ್ದು, ಅಂದರೆ ಥರ್ಡ್ ಪಾರ್ಟಿ, ಮತ್ತೆ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. ಮೂರನೆಯದು ಎರಡೂ ಹಾಳೆಯಲ್ಲಿ ಒಂದೇ ಇದೆ, ಅದನ್ನು ಸದ್ಯ ಬದಿಗಿಡುತ್ತೇನೆ. ಒಟ್ಟು ಮೊತ್ತದ ಮೇಲೆ ಶೇ 18 ಜಿಎಸ್‌ಟಿ. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಮೇಲಿನ ಜಿಎಸ್‌ಟಿ ತೆಗೆದರು. ಕಾರಿನ ವಿಮೆಗೆ ಆ ವಿನಾಯಿತಿ ಇಲ್ಲ. ಅದನ್ನು ಓದಿ ಇದೂ ಇಳಿಯುತ್ತದೆ ಎಂದುಕೊಂಡವರು ಬಹಳ ಜನ ಇದ್ದಾರೆ, ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಮೊದಲು ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಇದಿಲ್ಲದೆ ಗಾಡಿ ರಸ್ತೆಗಿಳಿಸುವಂತಿಲ್ಲ. ಇದರ ದರವನ್ನು ಕಂಪನಿ ಇಡುವುದಿಲ್ಲ. ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರ ಇಡುತ್ತಿತ್ತು, 2022ರಿಂದ ಪ್ರಾಧಿಕಾರದ ಜೊತೆ ಸಮಾಲೋಚಿಸಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಅಧಿಸೂಚನೆ ಹೊರಡಿಸುತ್ತದೆ. 1000ದಿಂದ 1500 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2018ರಲ್ಲಿ 2,863 ರೂಪಾಯಿ ಇತ್ತು. 2019ರಲ್ಲಿ 3,221 ಆಯಿತು. 2022ರ ಜೂನ್ 1ರಿಂದ 3,416. ನೀವು ಹೇಗೆ ಓಡಿಸುತ್ತೀರಿ ಎಂಬುದು ಈ ಸಾಲಿಗೆ ಗೊತ್ತೇ ಇಲ್ಲ. ಇಪ್ಪತ್ತು ವರ್ಷ ಯಾರಿಗೂ ತಾಗದೆ ಓಡಿಸಿದವರಿಗೂ ಇಷ್ಟೇ, ನಿನ್ನೆ ಲೈಸೆನ್ಸ್ ತೆಗೆದ ಹುಡುಗನಿಗೂ ಇಷ್ಟೇ.

ಇದು ಅನ್ಯಾಯ ಅಂತ ಅನ್ನಿಸುವುದು ಸಹಜ. ನನಗೆ ಹಾಗನ್ನಿಸುವುದಿಲ್ಲ. ಯಾಕೆ ಅಂತ ಒಂದು ಲೆಕ್ಕದಿಂದ ಹೇಳುತ್ತೇನೆ.

ಸಿದ್ದಾಪುರ ರಸ್ತೆಯಲ್ಲಿ ಸಂಜೆ ತೋಟದ ಕೆಲಸ ಮುಗಿಸಿ ಲೈನ್ ಮನೆಗೆ ನಡೆದು ಹೋಗುವ ಒಬ್ಬ ಕಾರ್ಮಿಕನನ್ನು ನೆನೆಸಿಕೊಳ್ಳಿ. ಮೂವತ್ತು ವರ್ಷ, ಹೆಂಡತಿ, ಇಬ್ಬರು ಮಕ್ಕಳು. ತಿಂಗಳಿಗೆ 12,000 ರೂಪಾಯಿ ದುಡಿಮೆ ಎಂದಿಟ್ಟುಕೊಳ್ಳಿ. ಒಂದು ಕಾರು ಅವನ ಜೀವ ತೆಗೆಯಿತು. ಕುಟುಂಬ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತದೆ. ಅಲ್ಲಿ ಲೆಕ್ಕ ಹಾಕುವ ಕ್ರಮವನ್ನು ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿ, ಆಮೇಲೆ 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಹೇಳಿಕೊಟ್ಟಿದೆ. ನಲವತ್ತರ ಒಳಗಿನವನಾದ್ದರಿಂದ ಮುಂದೆ ದುಡಿಮೆ ಹೆಚ್ಚುತ್ತಿತ್ತು ಎಂದು ಶೇ 40 ಸೇರಿಸುತ್ತಾರೆ. ತಿಂಗಳಿಗೆ 16,800. ವರ್ಷಕ್ಕೆ 2,01,600. ಅವನ ಸ್ವಂತ ಖರ್ಚಿಗೆಂದು ಮೂರನೇ ಒಂದು ಭಾಗ ಕಳೆದರೆ 1,34,400. ಮೂವತ್ತರ ವಯಸ್ಸಿಗೆ ಗುಣಕ 17. ಗುಣಿಸಿದರೆ 22,84,800 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ, ಸಾಂಗತ್ಯದ ನಷ್ಟ ಇತ್ಯಾದಿ ಬೇರೆ. ಸಾವು, ಗಾಯದ ವಿಷಯದಲ್ಲಿ ಈ ಹೊಣೆಗೆ ಮೇಲ್ಮಿತಿ ಇಲ್ಲ. ಸತ್ತವನು ದೊಡ್ಡ ಸಂಬಳದ ಎಂಜಿನಿಯರ್ ಆಗಿದ್ದರೆ ಕೋಟಿ ದಾಟುತ್ತದೆ.

ವರ್ಷಕ್ಕೆ 3,416 ರೂಪಾಯಿ ಕೊಟ್ಟವರೆಲ್ಲರ ಹಣ ಒಂದೇ ಹುಂಡಿಗೆ ಬಿದ್ದು, ಅದರಿಂದ ಆ ಕುಟುಂಬಕ್ಕೆ ಹೋಗಬೇಕು. ಕೋರ್ಟಿನಲ್ಲಿ ಪರಿಹಾರದ ಲೆಕ್ಕ ಬೆಳೆದಂತೆ, ಕೂಲಿ ಏರಿದಂತೆ, ಹುಂಡಿಯೂ ತುಂಬಬೇಕು. ನಾನು ಆ ಲೈನ್ ಮನೆಗಳಿಗೆ ಹೋಗಿದ್ದೇನೆ. ವಿಮೆ ಇಲ್ಲದ ಗಾಡಿ ಹೊಡೆದ ಮನೆಯನ್ನೂ ನೋಡಿದ್ದೇನೆ, ವಿಮೆ ಇದ್ದ ಗಾಡಿ ಹೊಡೆದ ಮನೆಯನ್ನೂ ನೋಡಿದ್ದೇನೆ. ಎರಡನೆಯ ಮನೆಯ ಮಕ್ಕಳು ಶಾಲೆ ಬಿಡಲಿಲ್ಲ. ಆದ್ದರಿಂದ ಈ ಒಂದು ಸಾಲಿನ ಬಗ್ಗೆ ದೂರು ಹೇಳಲು ನನಗೆ ಬಾಯಿ ಬರುವುದಿಲ್ಲ.

ಅಂದ ಹಾಗೆ, ಟೀಚರ ಹಾಳೆಗಳಲ್ಲಿ ಈ ಸಾಲು ಎರಡೂ ವರ್ಷ 3,416 ರೂಪಾಯಿಯೇ. ಅವರ ಏರಿಕೆ ಬಂದದ್ದು ಇಲ್ಲಿಂದಲ್ಲ.

ಈಗ ಓನ್ ಡ್ಯಾಮೇಜ್. ಗುಟ್ಟೆಲ್ಲ ಇರುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಹೋಗೋಣ.

ಹಿಂದೆ ಇದಕ್ಕೂ ಸರ್ಕಾರಿ ದರಪಟ್ಟಿ ಇತ್ತು. 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಅಂತ. ದೇಶವನ್ನು ಎರಡು ವಲಯ ಮಾಡಿದ್ದರು. ಬೆಂಗಳೂರು, ಮುಂಬೈ, ಚೆನ್ನೈನಂಥ ಎಂಟು ದೊಡ್ಡ ನಗರಗಳು ಎ ವಲಯ, ಉಳಿದ ಇಡೀ ದೇಶ ಬಿ ವಲಯ. ನಮ್ಮ ಕೆಎ 12 ನೋಂದಣಿಯ ಕಾರುಗಳು ಬಿ. 1000ದಿಂದ 1500 ಸಿಸಿಯ ಕಾರಿಗೆ, ಐದು ವರ್ಷದ ಒಳಗಿದ್ದರೆ, ಕಾರಿನ ಮೌಲ್ಯದ ಶೇ 3.191. ಐದು ದಾಟಿ ಹತ್ತರ ಒಳಗಿದ್ದರೆ ಶೇ 3.351. ಗಮನಿಸಿ: ಕಾರಿಗೆ ವಯಸ್ಸಾದರೆ ದರ ಏರುತ್ತದೆ.

2007ರ ಜನವರಿಯಿಂದ ಈ ದರಕ್ಕೆ ಕಟ್ಟುಪಾಡು ಹೋಯಿತು. ಕಂಪನಿಗಳು ತಮ್ಮ ಲೆಕ್ಕದ ಪ್ರಕಾರ ರಿಯಾಯಿತಿ ಕೊಡಬಹುದು ಎಂದಾಯಿತು. ಹಳೆಯ ದರವನ್ನು ಬುಡಕ್ಕಿಟ್ಟುಕೊಂಡು ಅದರ ಮೇಲೆ ಇಷ್ಟು ಪರ್ಸೆಂಟ್ ಬಿಟ್ಟಿದ್ದೇವೆ ಎನ್ನುವ ರೂಢಿ ಬಂತು. ಈ ರಿಯಾಯಿತಿ ನಿಮ್ಮ ಗಳಿಕೆಯಲ್ಲ, ಕಂಪನಿಯ ಇಷ್ಟ. ಹೋದ ವರ್ಷ ಕೊಟ್ಟದ್ದನ್ನು ಈ ವರ್ಷ ಕೊಡಲೇಬೇಕು ಎಂದಿಲ್ಲ. ಕಡಿಮೆ ಮಾಡಿದರೆ ಹೇಳಬೇಕು ಎಂದೂ ಅವರು ತಿಳಿದುಕೊಂಡಿಲ್ಲ.

ಟೀಚರ ಮೊದಲ ಹಾಳೆ: ಕಾರಿನ ಮೌಲ್ಯ, ಅಂದರೆ ಐಡಿವಿ, 5,00,000. ಅದರ ಶೇ 3.191 ಎಂದರೆ 15,955 ರೂಪಾಯಿ. ಕಂಪನಿಯ ರಿಯಾಯಿತಿ ಶೇ 70. ಉಳಿದದ್ದು 4,786. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಹಳೆ ಕಾರಿನಿಂದಲೇ ಹೊತ್ತು ತಂದದ್ದು ಶೇ 50. ಕೊಡಬೇಕಾದದ್ದು 2,393.

ಎರಡನೆಯ ಹಾಳೆ: ಐಡಿವಿ 4,50,000ಕ್ಕೆ ಇಳಿದಿದೆ. ಐದು ವರ್ಷ ದಾಟಿದ್ದರಿಂದ ದರ ಶೇ 3.351. ಬುಡದ ಮೊತ್ತ 15,079. ಹೋದ ವರ್ಷಕ್ಕಿಂತ ಕಡಿಮೆಯೇ. ಆದರೆ ರಿಯಾಯಿತಿ ಶೇ 70ರಿಂದ 50ಕ್ಕೆ ಇಳಿದಿದೆ. ಉಳಿದದ್ದು 7,540. ನೋ ಕ್ಲೇಮ್ ಬೋನಸ್ ಮೊದಲಿನಂತೆಯೇ ಶೇ 50. ಕೊಡಬೇಕಾದದ್ದು 3,770.

ಜಿಎಸ್‌ಟಿ ಸೇರಿ ಹೋದ ವರ್ಷದ ಒಟ್ಟು 6,855. ಈ ವರ್ಷ 8,479. ಟೀಚರು ಹೇಳಿದ ಸಾವಿರದ ಆರುನೂರು ಸಿಕ್ಕಿತಲ್ಲ.

ಶೇ 70ರ ಜಾಗದಲ್ಲಿ 50 ಎಂದರೆ ಇಪ್ಪತ್ತು ಕಡಿಮೆ ಎಂದು ಕಾಣುತ್ತದೆ. ನಿಜದಲ್ಲಿ ನೀವು ನೂರಕ್ಕೆ ಮೂವತ್ತು ಕೊಡುತ್ತಿದ್ದವರು ಈಗ ಐವತ್ತು ಕೊಡುತ್ತಿದ್ದೀರಿ. ಮೂವತ್ತರಿಂದ ಐವತ್ತು ಎಂದರೆ ಮೂರರಲ್ಲಿ ಎರಡು ಪಾಲು ಏರಿಕೆ. ಹಾಳೆಯಲ್ಲಿ "ನೋ ಕ್ಲೇಮ್ ಬೋನಸ್ 50%" ಎಂದು ದಪ್ಪಕ್ಷರದಲ್ಲಿತ್ತು. ಕಂಪನಿಯ ರಿಯಾಯಿತಿಗೆ ಪ್ರತ್ಯೇಕ ಸಾಲೇ ಇರಲಿಲ್ಲ, ನಾನು ಹಿಂದಕ್ಕೆ ಲೆಕ್ಕ ಹಾಕಿ ಹುಡುಕಬೇಕಾಯಿತು. ಪಾಠ ಹೇಳಿಕೊಟ್ಟ ಟೀಚರಿಗೇ ಹೊಳೆಯಲಿಲ್ಲ ಎಂದರೆ ತಪ್ಪು ಅವರದ್ದಲ್ಲ, ಹಾಳೆಯದ್ದು.

ರಿಯಾಯಿತಿ ಇಳಿಯುವುದು ಯಾಕೆ? ಕಂಪನಿ ನೋಡುವುದು ನಿಮ್ಮೊಬ್ಬರನ್ನಲ್ಲ. ನಿಮ್ಮ ಮಾಡೆಲ್ಲಿನ ಎಲ್ಲ ಕಾರುಗಳನ್ನು, ನಿಮ್ಮ ನೋಂದಣಿ ಕಚೇರಿಯ ಎಲ್ಲ ಕಾರುಗಳನ್ನು, ಆ ವಯಸ್ಸಿನ ಎಲ್ಲ ಕಾರುಗಳನ್ನು. ಆ ಗುಂಪಿಗೆ ಕಟ್ಟಿದ ಹಣ ಎಷ್ಟು, ಗುಂಪು ಪಡೆದ ಕ್ಲೇಮ್ ಎಷ್ಟು ಎಂಬ ಲೆಕ್ಕ.

ಆ ಗುಂಪಿನ ಖರ್ಚು ಹೇಗೆ ಏರಿತು ಎಂಬುದನ್ನು ನಾನು ಕಣ್ಣಾರೆ ಕಂಡೆ. ನಾನು ಕೆಲಸಕ್ಕೆ ಸೇರಿದಾಗ ಕಾರಿನ ಮುಂದಿನ ಬಂಪರ್ ಎಂದರೆ ಒಂದು ತಗಡು ಅಥವಾ ಪ್ಲಾಸ್ಟಿಕ್ ಪಟ್ಟಿ. ಕುಶಾಲನಗರದ ಟಿಂಕರ್ ಒಂದು ಮಧ್ಯಾಹ್ನದಲ್ಲಿ ಸರಿ ಮಾಡುತ್ತಿದ್ದ. ಈಗ ಅದೇ ಬಂಪರಿನ ಒಳಗೆ ಪಾರ್ಕಿಂಗ್ ಸೆನ್ಸರ್. ಮುಂದಿನ ಗಾಜಿನ ಹಿಂದೆ ಕ್ಯಾಮರಾ, ಗಾಜು ಬದಲಾಯಿಸಿದರೆ ಕ್ಯಾಮರಾವನ್ನು ಮತ್ತೆ ಹೊಂದಿಸಬೇಕು. ಹೆಡ್‌ಲೈಟಿನಲ್ಲಿ ಬಲ್ಬು ಬದಲಾಯಿಸುವ ಕಾಲ ಹೋಯಿತು, ಎಲ್‌ಇಡಿಯ ಇಡೀ ಅಸೆಂಬ್ಲಿ ಹಾಕಬೇಕು. ಇಂಥ ಕೆಲಸಕ್ಕೆ ಎಷ್ಟೋ ಸಲ ಕಾರನ್ನು ಮೈಸೂರಿಗೇ ಸಾಗಿಸಬೇಕು. ಮಡಿಕೇರಿಯಿಂದ 120 ಕಿಲೋಮೀಟರು. ಸಾಮಾನ್ಯ ಪಾಲಿಸಿಯಲ್ಲಿ ಎಳೆದೊಯ್ಯುವ ಖರ್ಚಿಗೆ ರೂಢಿಯಾಗಿ ಬಂದ ಮಿತಿ 1,500 ರೂಪಾಯಿ. ಮಾಕುಟ್ಟದ ಇಳಿಜಾರಿನಿಂದ ಒಂದು ಕಾರನ್ನು ಮೇಲೆತ್ತಿ ಸಾಗಿಸಲು ಅದು ಯಾವ ಮೂಲೆಗೂ ಸಾಲದು.

ಇನ್ನು ಮಳೆ. 2018ರ ಆಗಸ್ಟ್ ನಮ್ಮಲ್ಲಿ ಯಾರಿಗೆ ಮರೆತೀತು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ. ಮನೆ, ತೋಟ, ಜನ ಹೋದ ಕಡೆ ವಾಹನದ ಲೆಕ್ಕ ಬರೆಯುತ್ತಾ ನಿಲ್ಲುವುದು ಕಷ್ಟದ ಕೆಲಸವಾಗಿತ್ತು. ಮಣ್ಣಿನ ಮೇಲೆ ಜೀಪಿನ ಕ್ಯಾರಿಯರ್ ಮಾತ್ರ ಕಾಣುತ್ತಿತ್ತು. ಆ ವರ್ಷವೂ ಮುಂದಿನ ವರ್ಷವೂ ಕುಶಾಲನಗರದಲ್ಲಿ ಕಾವೇರಿ ಮನೆಯಂಗಳಕ್ಕೆ ಬಂದಳು. ಭೂಕುಸಿತ, ನೆರೆ, ಬಿರುಗಾಳಿ ಎಲ್ಲವೂ ಫುಲ್ ಇನ್ಶೂರೆನ್ಸ್‌ನಲ್ಲಿ ಸೇರಿವೆ. ಸೇರಿರುವುದರಿಂದಲೇ ನಮ್ಮ ಜಿಲ್ಲೆಯ ನಷ್ಟ ಆ ಹುಂಡಿಯಿಂದ ಹೋಯಿತು. 2015ರಲ್ಲಿ ಚೆನ್ನೈಯದ್ದು, 2022ರಲ್ಲಿ ಬೆಂಗಳೂರಿನ ನೆರೆಯದ್ದು ಹೋದ ಹಾಗೆ. ವಿಮಾ ಕಂಪನಿಗಳೂ ತಮಗೊಂದು ಮರುವಿಮೆ ಮಾಡಿಸಿರುತ್ತವೆ. ದೊಡ್ಡ ನೆರೆಗಳ ನಂತರ ಅದರ ದರವೂ ಏರುತ್ತದೆ, ಅದು ನಮ್ಮ ಹಾಳೆಗೆ ಇಳಿಯುತ್ತದೆ.

ಇಲ್ಲೊಂದು ಮಾತು, ಲೆಕ್ಕಕ್ಕೆ ಹೊರಗಿನದ್ದಾದರೂ ಹೇಳಲೇಬೇಕು. ಕಾರಿನೊಳಗೆ ನೀರು ನುಗ್ಗಿದ್ದರೆ ದಯವಿಟ್ಟು ಕೀ ತಿರುಗಿಸಬೇಡಿ. ನಿಂತ ಕಾರಿಗೆ ನೀರು ಹೊಕ್ಕರೆ ಅದು ನೆರೆಯ ನಷ್ಟ. ನೀವು ಸ್ಟಾರ್ಟ್ ಮಾಡಿ, ನೀರು ಸಿಲಿಂಡರಿಗೆ ಹೋಗಿ ಎಂಜಿನ್ ಮುರಿದರೆ, ಅದಕ್ಕೆ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಆಡ್-ಆನ್, ಅಂದರೆ ಬೇರೆ ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ, ಇದ್ದರೆ ಮಾತ್ರ. ಕಕ್ಕಡದ ಮಳೆಯಲ್ಲಿ ಗಾಬರಿಯಿಂದ ಕೀ ತಿರುಗಿಸಿದವರ ಮುಖ ನನಗೆ ಈಗಲೂ ನೆನಪಿದೆ.

ಹಾಗಾದರೆ ಹುಷಾರಾಗಿ ಓಡಿಸಿದ್ದಕ್ಕೆ ಈ ಹಾಳೆಯಲ್ಲಿ ಎಲ್ಲೂ ಬೆಲೆ ಇಲ್ಲವೇ? ಒಂದೇ ಕಡೆ ಇದೆ. ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ನಿಲ್ಲುತ್ತದೆ. ಹದಿನೈದು ವರ್ಷ ಹುಷಾರಾಗಿದ್ದರೂ 50 ದಾಟುವುದಿಲ್ಲ. ಆರನೇ ವರ್ಷದಿಂದ ನಿಮ್ಮ ಎಚ್ಚರಕ್ಕೆ ಹೊಸದಾಗಿ ಏನೂ ಸಿಗುವುದಿಲ್ಲ, ಏರಿಕೆಗಳು ಮಾತ್ರ ಬರುತ್ತಲೇ ಇರುತ್ತವೆ. ಹಳೆಯ, ಒಳ್ಳೆಯ ಚಾಲಕರಿಗೇ ಈ ನೋವು ಹೆಚ್ಚು ತಟ್ಟುವುದು ಇದಕ್ಕೇ. ಮೇಲಾಗಿ ಇದು ಓನ್ ಡ್ಯಾಮೇಜ್ ಸಾಲಿಗೆ ಮಾತ್ರ.

ಇನ್ನೊಂದು ವಿಷಯ. ಅದರ ಹೆಸರೇ ಹೇಳುತ್ತದೆ, ನೋ ಕ್ಲೇಮ್. ತಪ್ಪು ಯಾರದ್ದು ಎಂದು ಅದು ಕೇಳುವುದಿಲ್ಲ. ಆನೆಕಾಡಿನಲ್ಲಿ ಆನೆ ಅಡ್ಡ ಬಂದು, ನೀವು ಎಂಜಿನ್ ಆರಿಸಿ ಸುಮ್ಮನೆ ನಿಂತಿದ್ದರೂ ಬಾನೆಟ್ಟಿಗೆ ಒಂದು ಗುದ್ದು ಕೊಟ್ಟು ಹೋಯಿತು. ಮನೆ ಮುಂದೆ ನಿಲ್ಲಿಸಿದ್ದ ಕಾರಿನ ಮೇಲೆ ಸಿಲ್ವರ್ ಓಕ್ ಬಿತ್ತು. ವಿರಾಜಪೇಟೆ ಸಂತೆಯ ದಿನ ಯಾರೋ ಹಿಂದಿನಿಂದ ತಾಗಿಸಿ ಓಡಿದರು. ಮೂರರಲ್ಲೂ ನಿಮ್ಮ ತಪ್ಪು ಸಾಸಿವೆಯಷ್ಟೂ ಇಲ್ಲ. ನಿಮ್ಮ ಪಾಲಿಸಿಯಲ್ಲಿ ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆಗೆ. ಗುದ್ದಿದ ಗಾಡಿ ಸಿಕ್ಕಿದ್ದರೆ ಅದರ ವಿಮೆಯಿಂದ ಪಡೆಯಲು ನ್ಯಾಯಮಂಡಳಿಯ ದಾರಿ ಇದೆ, ಆದರೆ ಒಂದು ಬಂಪರಿಗೆ ಯಾರು ಪೊಲೀಸ್ ಠಾಣೆ, ಕೋರ್ಟು ಸುತ್ತುತ್ತಾರೆ? ಈ ನಿಯಮ ಸರಿಯಲ್ಲ ಎಂದು ನಾನು ಸರ್ವೇಯರ್ ಆಗಿದ್ದಾಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಪ್ರಕೃತಿಯಿಂದಾದ ನಷ್ಟಕ್ಕೆ, ನಿಂತ ಗಾಡಿಗೆ ಆದ ನಷ್ಟಕ್ಕೆ ಬೋನಸ್ ಕಳೆಯಬಾರದು.

ನಿಯಮ ಬದಲಾಗುವವರೆಗೆ ನಮ್ಮ ಕೈಯಲ್ಲಿರುವುದು ಲೆಕ್ಕ. ಟೀಚರ ಕಾರನ್ನೇ ತೆಗೆದುಕೊಳ್ಳಿ. ಬಂಪರ್ ಒಡೆಯಿತು, 6,000 ರೂಪಾಯಿ ಬಿಲ್ಲು. ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ ಶೇ 50, ಸವಕಳಿ ಕಳೆಯದ ಬಂಪರ್ ಟು ಬಂಪರ್ ಆಡ್-ಆನ್ ಇಲ್ಲದಿದ್ದರೆ ಅರ್ಧ ಹೋಯಿತು. ಉಳಿದ 3,000ದಲ್ಲಿ ಕಡ್ಡಾಯವಾಗಿ ನಾವೇ ಹೊರಬೇಕಾದ 1,000 ಕಳೆದರೆ ಕೈಗೆ ಬರುವುದು 2,000. ಹೋಗುವುದು ಎಷ್ಟು? ಬೋನಸ್ ಸೊನ್ನೆಯಾದರೆ ಮುಂದಿನ ವರ್ಷ 3,770ರ ಬದಲು 7,540. ಅಂದರೆ 3,770 ಹೆಚ್ಚು. ಅದರ ಮುಂದಿನ ವರ್ಷ ಬೋನಸ್ ಶೇ 20 ಮಾತ್ರ, 2,262 ಹೆಚ್ಚು. ಆಮೇಲೆ 1,885, ಆಮೇಲೆ 1,131, ಆಮೇಲೆ 377. ಮೂಲ ಮೊತ್ತ ಹಾಗೇ ಇದ್ದರೆ ಐದು ವರ್ಷದಲ್ಲಿ 9,425 ರೂಪಾಯಿ, ಜಿಎಸ್‌ಟಿ ಬೇರೆ. ಎರಡು ಸಾವಿರಕ್ಕೆ ಕೈಚಾಚಿ ಒಂಬತ್ತು ಸಾವಿರ ಕಳೆದುಕೊಂಡ ಹಾಗೆ. ಶೋರೂಮಿನಲ್ಲಿ "ಕ್ಲೇಮ್ ಹಾಕಿಬಿಡೋಣ ಸಾರ್" ಎಂದಾಗ ಈ ಲೆಕ್ಕವನ್ನು ಅವರು ನಿಮಗಾಗಿ ಮಾಡುವುದಿಲ್ಲ. ಕ್ಲೇಮ್ ಫಾರಂ ತುಂಬುವ ಮೊದಲು ನೀವೇ ಮಾಡಿ. ದೊಡ್ಡ ನಷ್ಟವಾದರೆ ಹಿಂದೆ ಮುಂದೆ ನೋಡಬೇಡಿ, ವಿಮೆ ಇರುವುದೇ ಅದಕ್ಕೆ.

ಸಭೆಯಲ್ಲಿ ಒಬ್ಬ ತರುಣ ಬೆಳೆಗಾರರು ಕೇಳಿದರು: "ಒಂದು ಕ್ಲೇಮೂ ಇಲ್ಲದೆ ನನ್ನ ಬೋನಸ್ ಹೋಯಿತಲ್ಲ, ಅದು ಹೇಗೆ?" ವಿಚಾರಿಸಿದಾಗ ಗೊತ್ತಾಯಿತು. ಪಾಲಿಸಿ ಮುಗಿದದ್ದು ಡಿಸೆಂಬರಿನಲ್ಲಿ. ಕಾಫಿ ಕೊಯ್ಲಿನ ಗಡಿಬಿಡಿ, ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಮೆಸೇಜು ನೋಡಿದ್ದು ಏಪ್ರಿಲಿನಲ್ಲಿ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಬೋನಸ್ ಹೋಗುತ್ತದೆ. ಆ 90 ದಿನವೂ ಬೋನಸ್ಸಿಗೆ ಮಾತ್ರ ಸಿಗುವ ಅವಕಾಶ, ವಿಮೆಗಲ್ಲ. ಮುಗಿದ ದಿನದ ಮಧ್ಯರಾತ್ರಿಯಿಂದ ಕಾರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಅರೇಬಿಕಾ, ರೊಬಸ್ಟಾ ಕೊಯ್ಲಿನ ತಿಂಗಳುಗಳಲ್ಲಿ ಪಾಲಿಸಿ ಮುಗಿಯುವವರು ಹುತ್ತರಿ ಹಬ್ಬಕ್ಕೆ ಮೊದಲೇ ನವೀಕರಿಸಿಡುವುದು ಒಳ್ಳೆಯದು.

ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಇದನ್ನು ತಿಳಿಯದೆ ಎಷ್ಟು ಮನೆಗಳಲ್ಲಿ ಕಳೆದುಕೊಂಡಿದ್ದಾರೆ! ಹಳೆ ಕಾರನ್ನು ಅಣ್ಣನ ಮಗನಿಗೆ ಕೊಟ್ಟಿರಿ, ಪಾಲಿಸಿಯನ್ನೂ ಅದರ ಜೊತೆಗೇ ಬಿಟ್ಟಿರಿ, ಹೊಸ ಕಾರಿಗೆ ಸೊನ್ನೆಯಿಂದ ಶುರು ಮಾಡಿದಿರಿ. ಬೇಕಿರಲಿಲ್ಲ. ಕಂಪನಿಯಿಂದ ನೋ ಕ್ಲೇಮ್ ಬೋನಸ್ ಉಳಿಸಿಕೊಳ್ಳುವ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಹಾಕಿಕೊಳ್ಳಬಹುದು. ಅಪ್ಪ ತೀರಿಕೊಂಡು ಜೀಪು ಮಗನಿಗೋ ಮಗಳಿಗೋ ಅಮ್ಮನಿಗೋ ಬಂದರೆ, ಆ ಗಾಡಿಯ ಜೊತೆ ಅಪ್ಪನ ಬೋನಸ್ಸೂ ಅವರಿಗೆ ಬರಲು ಹಳೆಯ ಟ್ಯಾರಿಫಿನಲ್ಲೇ ಅವಕಾಶವಿದೆ. ಇದನ್ನು ನಾನು ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಎದ್ದು ನಿಂತು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಇದರ ಮಗ್ಗುಲಲ್ಲೇ ಒಂದು ಅಪಾಯವಿದೆ. ಕಂಪನಿ ಬದಲಾಯಿಸುವಾಗ ಕೆಲವು ಏಜೆಂಟರು, ಕ್ಲೇಮ್ ಆಗಿದ್ದರೂ, ಬೋನಸ್ 50 ಎಂದು ಬರೆಸಿಬಿಡುತ್ತಾರೆ. ಗ್ರಾಹಕರಿಗೆ ಗೊತ್ತೇ ಇರುವುದಿಲ್ಲ, ಪ್ರೀಮಿಯಂ ಕಡಿಮೆಯಾಯಿತೆಂದು ಖುಷಿ. ಕಂಪನಿಗಳು ಹಳೆಯ ಕ್ಲೇಮ್ ವಿವರವನ್ನು ತಮ್ಮತಮ್ಮಲ್ಲಿ ಪರಿಶೀಲಿಸುತ್ತವೆ. ಅಪಘಾತವಾದ ದಿನ ಸುಳ್ಳು ಹೊರಬಿದ್ದು ಕ್ಲೇಮ್ ನಿಂತುಹೋದದ್ದನ್ನು ನಾನೇ ವರದಿಯಲ್ಲಿ ಬರೆಯಬೇಕಾಗಿ ಬಂದಿದೆ. ನವೀಕರಣದ ಹಾಳೆಯಲ್ಲಿ ಬೋನಸ್ಸಿನ ಅಂಕಿ ನಿಮ್ಮ ನೆನಪಿಗೆ ತಾಳೆಯಾಗುತ್ತದೆಯೇ ಎಂದು ನೋಡದೆ ಹಣ ಕಟ್ಟಬೇಡಿ.

ಕಡಿಮೆ ಓಡಿಸುವವರ ಬಗ್ಗೆ ಒಂದು ಮಾತು. 2022ರ ಜುಲೈಯಲ್ಲಿ ಪ್ರಾಧಿಕಾರ ಹೊಸ ಬಗೆಯ ಆಡ್-ಆನ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಓಡಿಸಿದಷ್ಟಕ್ಕೆ ಕೊಡುವುದು ಒಂದು, ಓಡಿಸುವ ರೀತಿಗೆ ತಕ್ಕಂತೆ ಕೊಡುವುದು ಇನ್ನೊಂದು. ತೋಟದಿಂದ ಪೇಟೆಗೆ, ತಿಂಗಳಿಗೊಮ್ಮೆ ಮೈಸೂರಿಗೆ ಹೋಗುವವರಿಗೆ ಮೊದಲನೆಯದು ನಿಜಕ್ಕೂ ಲಾಭ, ಕೇಳಿ ನೋಡಿ. ಎರಡನೆಯದರಲ್ಲಿ ಫೋನೋ ಒಂದು ಸಾಧನವೋ ನಿಮ್ಮ ವೇಗ, ಬ್ರೇಕು, ತಿರುವು ಅಳೆಯುತ್ತದೆ. ಎಚ್ಚರದ ಚಾಲನೆಯನ್ನು ನೇರವಾಗಿ ನೋಡಿ ಬೆಲೆ ಕಟ್ಟುವ ದಾರಿ ಇದೊಂದೇ, ಅದಕ್ಕೆ ನನ್ನ ಸ್ವಾಗತವಿದೆ. ಆದರೆ ಮಾಲ್ದಾರೆ ದಾರಿಯಲ್ಲಿ ಮಂಜಿನೊಳಗಿಂದ ಆನೆ ಕಂಡು ಗಟ್ಟಿಯಾಗಿ ಬ್ರೇಕ್ ಹಾಕಿದವರು ಒಳ್ಳೆಯ ಚಾಲಕರು. ಬಯಲುಸೀಮೆಯ ನೇರ ರಸ್ತೆಗೆ ತಕ್ಕಂತೆ ಮಾಡಿದ ಅಳತೆಗೋಲು ಅವರನ್ನು ಕೆಟ್ಟವರ ಪಟ್ಟಿಗೆ ಸೇರಿಸಬಾರದು. ಇದನ್ನು ಕೊಳ್ಳುವ ಮೊದಲು ಕಂಪನಿಯನ್ನು ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ನನ್ನ ಬೇಡಿಕೆ ಒಂದೇ. ನವೀಕರಣದ ಹಾಳೆಯಲ್ಲಿ ಹೋದ ವರ್ಷದ ಅಂಕಿ, ಈ ವರ್ಷದ ಅಂಕಿ ಎರಡನ್ನೂ ಅಕ್ಕಪಕ್ಕ ಮುದ್ರಿಸಬೇಕು. ಐಡಿವಿ ಎಷ್ಟಿತ್ತು ಎಷ್ಟಾಯಿತು, ದರ ಎಷ್ಟಿತ್ತು ಎಷ್ಟಾಯಿತು, ಕಂಪನಿಯ ರಿಯಾಯಿತಿ ಎಷ್ಟಿತ್ತು ಎಷ್ಟಾಯಿತು. ಕನ್ನಡದಲ್ಲಿ. ಪ್ರೀಮಿಯಂ ಏರಿಸಲು ಅವರಿಗೆ ಕಾರಣಗಳಿವೆ, ಅವುಗಳಲ್ಲಿ ಹಲವು ನ್ಯಾಯವಾದವೇ ಎಂದು ಇಷ್ಟು ಹೊತ್ತು ನಾನೇ ಹೇಳಿದೆ. ಆದರೆ ಕಾರಣವನ್ನು ಬಚ್ಚಿಟ್ಟು ಏರಿಸಿದಾಗ ಒಳ್ಳೆಯ ಚಾಲಕರಿಗೆ ತಮ್ಮ ಒಳ್ಳೆಯತನದ ಮೇಲೇ ನಂಬಿಕೆ ಹೋಗುತ್ತದೆ. "ಹೇಗೆ ಓಡಿಸಿದರೂ ಅಷ್ಟೇ" ಎಂದು ಒಬ್ಬ ಚಾಲಕನಿಗೆ ಅನ್ನಿಸಿದರೆ ಅದರ ಬೆಲೆ ತೆರುವುದು ರಸ್ತೆ ಬದಿಯಲ್ಲಿ ನಡೆಯುವವರು.

ಕಂಪನಿಗೆ ಬರೆದು ಕೇಳಿದರೂ 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಪ್ರೀಮಿಯಂ ಕುರಿತ ತಕರಾರನ್ನೂ ಅಲ್ಲಿ ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಟೀಚರ ಕಾರಿಗೆ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಎರಡು ಹಾಳೆಗಳನ್ನು ಎದುರಿಗಿಟ್ಟುಕೊಂಡು ಅವರು ತಮ್ಮ ಕಂಪನಿಗೆ ಫೋನ್ ಮಾಡಿದರು. "ಹೋದ ವರ್ಷ ನಿಮ್ಮ ರಿಯಾಯಿತಿ ಎಪ್ಪತ್ತು, ಈ ವರ್ಷ ಐವತ್ತು, ಯಾಕೆ?" ಎಂದು ಅಂಕಿ ಹಿಡಿದು ಕೇಳಿದರು. ಉತ್ತರ ಕೊಡುವವರಿಗೆ ಆ ಪ್ರಶ್ನೆ ಹೊಸದು. ಎರಡು ದಿನ ಬಿಟ್ಟು ರಿಯಾಯಿತಿಯನ್ನು ಶೇ 60 ಮಾಡಿ ಕಳಿಸಿದರು. ಓನ್ ಡ್ಯಾಮೇಜ್ 3,016ಕ್ಕೆ ಇಳಿಯಿತು, ಒಟ್ಟು 7,590. ನೋಟಿಸಿಗಿಂತ 889 ರೂಪಾಯಿ ಕಡಿಮೆ.

ಆಗ ಬದಿಗಿಟ್ಟಿದ್ದ ಮೂರನೇ ಸಾಲು ನೋಡಿದೆವು. ಮಾಲೀಕ-ಚಾಲಕರಿಗೆ 15 ಲಕ್ಷದ ಅಪಘಾತ ವಿಮೆ ಕಡ್ಡಾಯ, ಆದರೆ ಒಬ್ಬರಿಗೆ ಒಂದು ಸಾಕು, ಗಾಡಿಗೊಂದು ಬೇಡ. ಟೀಚರು ಸ್ಕೂಟರಿನ ಪಾಲಿಸಿಯಲ್ಲಿ ಅದನ್ನು ಆಗಲೇ ಕಟ್ಟಿದ್ದರು. ಸ್ಕೂಟರಿನ ಪಾಲಿಸಿಯನ್ನು ತೋರಿಸಿ, ಕಾರಿನದ್ದರಿಂದ ಆ ಸಾಲನ್ನು ತೆಗೆಸಿದರು. ಸ್ಕೂಟರ್ ಕೊಂಡು ನಾಲ್ಕು ವರ್ಷವಾಗಿದೆಯಂತೆ. ಈ ನಾಲ್ಕು ವರ್ಷವೂ ಎರಡೆರಡು ಸಲ ಕಟ್ಟಿದ್ದಾರೆ.